ಹಳೆಯ ಅಮೆರಿಕನ್ ಬೀದಿ ಚಿತ್ರದ ಊರು, ವರ್ಷ ಕಂಡುಹಿಡಿಯುವ ಬಗೆ

ಚಿಕ್ಕಪ್ಪನ ಟ್ರಂಕಿನ ತಳದಲ್ಲಿ ಒಂದು ಹಳದಿ ಡಬ್ಬಿ ಸಿಕ್ಕಿತು. ಒಳಗೆ ರಟ್ಟಿನ ಚೌಕಟ್ಟು ಹಾಕಿದ ಸ್ಲೈಡ್‌ಗಳು. ಅವರು ಎಂಜಿನಿಯರಿಂಗ್ ಓದಲು ಶಿಕಾಗೊಗೆ ಹೋಗಿದ್ದವರು. ಒಂದು ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಗಲವಾದ ಬೀದಿ, ಹಸಿರು ಬಸ್ಸು, ಕೆಂಪು ಕೋಟು ತೊಟ್ಟ ಹೆಂಗಸು, ಕಟ್ಟಡದ ಮೂಲೆಯಿಂದ ಬೀದಿಯತ್ತ ಚಾಚಿಕೊಂಡ ದೊಡ್ಡ ಗಡಿಯಾರ. ಚಿಕ್ಕಮ್ಮನನ್ನು ಕೇಳಿದರೆ, “ಅದು ಅವರು ಅಲ್ಲಿಗೆ ಹೋದ ಮೊದಲ ವರ್ಷದ್ದೇ ಇರಬೇಕು, 1964” ಎಂದರು. ಚಿತ್ರ ಬೇರೆಯೇ ಹೇಳಿತು. ಅದು ಹೇಳಿದ್ದನ್ನು ಕೇಳಿಸಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು.

1960ರ ದಶಕದಿಂದ ಈಚೆಗೆ ಓದಲು, ದುಡಿಯಲು ಅಮೆರಿಕಕ್ಕೆ ಹೋದವರ ಮನೆಗಳಲ್ಲಿ ಇಂಥ ಡಬ್ಬಿಗಳು ಎಷ್ಟೋ ಇವೆ. ಮನೆಯಲ್ಲಿ ಇಲ್ಲದವರಿಗೂ ನ್ಯೂಯಾರ್ಕ್, ಶಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಹಳೆಯ ಬೀದಿ ಚಿತ್ರಗಳು ಮೊಬೈಲ್‌ನಲ್ಲಿ ದಿನವೂ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವುಗಳ ಕೆಳಗೆ ಇರುವುದು ‘ನ್ಯೂಯಾರ್ಕ್, 1940’ ಎಂಬಂಥ ಒಂದು ಸಾಲು, ಅದೂ ಎಷ್ಟೋ ಸಲ ತಪ್ಪು. ಒಂದು ಬೀದಿ ಚಿತ್ರದ ಊರು, ವರ್ಷ, ಸಾಧ್ಯವಾದರೆ ತಿಂಗಳು ಮತ್ತು ಗಂಟೆಯನ್ನೂ ಹೇಗೆ ಹುಡುಕಬೇಕು ಎಂಬುದನ್ನು ನಾನು ಅನುಸರಿಸುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಚಿತ್ರದ ನಡುವೆ ನಿಂತ ಮುಖವನ್ನು ಎಲ್ಲರೂ ನೋಡುತ್ತಾರೆ. ಉತ್ತರ ಇರುವುದು ಅಂಚಿನಲ್ಲಿ: ಅಂಚೆ ಡಬ್ಬಿಯಲ್ಲಿ, ಕಾರಿನ ನಂಬರ್ ಪ್ಲೇಟಿನಲ್ಲಿ, ಯಾರೂ ಗಮನಿಸದ ಅಂಗಡಿಯ ಫಲಕದಲ್ಲಿ.

ಹೆಜ್ಜೆ 1: ಮೊದಲು ಚಿತ್ರವನ್ನು ಉಳಿಸಿಕೊಳ್ಳಿ

ಕೈ ತೊಳೆದು ಒರೆಸಿಕೊಂಡು, ಅಂಚನ್ನು ಮಾತ್ರ ಹಿಡಿದು ಎತ್ತಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಸ್ಲೈಡಿಗೆ ಬೂಷ್ಟು ಹಿಡಿದಿರುವುದು ಸಾಮಾನ್ಯ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಎದ್ದು ಬರುತ್ತದೆ. ಮೆತ್ತನೆಯ ಒಣ ಕುಂಚದಿಂದ ಧೂಳು ಕೊಡವಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಕಾಗದದ ಮೇಲಿನ ಚಿತ್ರವಾದರೆ 600 ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಅಳತೆ), 35 ಮಿಲಿಮೀಟರ್ ಸ್ಲೈಡ್ ಅಥವಾ ನೆಗೆಟಿವ್ ಆದರೆ 3000 ಡಿಪಿಐ ಆಸುಪಾಸಿನಲ್ಲಿ ಸ್ಕ್ಯಾನ್ ಮಾಡಿಸಿ. ಚಿಕ್ಕ ಅಕ್ಷರಗಳೇ ನಮಗೆ ಬೇಕಾಗಿರುವುದರಿಂದ ಇಲ್ಲಿ ಜಿಪುಣತನ ಬೇಡ. ಹಿಂಬದಿಯನ್ನೂ, ಸ್ಲೈಡಿನ ಚೌಕಟ್ಟನ್ನೂ ಮರೆಯದೆ ಸ್ಕ್ಯಾನ್ ಮಾಡಿಸಿ. ಚಿಕ್ಕಪ್ಪನ ಸ್ಲೈಡಿನ ಚೌಕಟ್ಟಿನ ಮೇಲೆ ಸಣ್ಣಗೆ ‘ಮಾರ್ಚ್ 67’ ಎಂಬ ಮುದ್ರೆ ಇತ್ತು. ನೆನಪಿಡಿ: ಅದು ಫಿಲ್ಮ್ ತೊಳೆದ ತಿಂಗಳು, ಚಿತ್ರ ತೆಗೆದ ತಿಂಗಳಲ್ಲ.

ಬಣ್ಣವೂ ಒಂದು ಸುಳಿವು. ಕೊಡಾಕ್ರೋಮ್ ಫಿಲ್ಮ್ 1935ರಲ್ಲಿ ಮಾರುಕಟ್ಟೆಗೆ ಬಂತು, 35 ಮಿಲಿಮೀಟರ್ ಕ್ಯಾಮೆರಾಕ್ಕೆ ಸಿಕ್ಕಿದ್ದು 1936ರಲ್ಲಿ. ಕತ್ತಲಲ್ಲಿಟ್ಟರೆ ಅದರ ಬಣ್ಣ ದಶಕಗಟ್ಟಲೆ ಕೆಡುವುದಿಲ್ಲ. ನಿಮ್ಮ ಸ್ಲೈಡ್ ಪೂರ್ತಿ ಕೆಂಪು ತಿರುಗಿದ್ದರೆ ಅದು ಬಹುಶಃ ಬೇರೆ ಬಗೆಯ ಫಿಲ್ಮ್.

ಹೆಜ್ಜೆ 2: ಎಡ ಬಲ ಸರಿಯಿದೆಯೇ ನೋಡಿ

ನಮ್ಮ ಕಣ್ಣಿಗೆ ವಿಶೇಷವಾಗಿ ಬೇಕಾದ ಎಚ್ಚರಿಕೆ ಇದು. ಸ್ಲೈಡನ್ನೂ ನೆಗೆಟಿವನ್ನೂ ತಿರುಗಿಸಿ ಹಿಡಿದರೆ ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲುಬದಲಾಗುತ್ತದೆ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ, ಚಾಲಕ ಎಡಗಡೆ ಕೂರುತ್ತಾನೆ. ಅಲ್ಲಿಯವರು ತಿರುಗಿದ ಚಿತ್ರ ಕಂಡೊಡನೆ ಏನೋ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಎಡಗಡೆ ಓಡುವ ಬಸ್ಸುಗಳನ್ನೇ ನೋಡಿ ಬೆಳೆದ ನಮಗೆ ತಿರುಗಿದ ಚಿತ್ರವೇ ಸಹಜವಾಗಿ ಕಾಣುತ್ತದೆ. ನಾನು ಆ ಸ್ಲೈಡನ್ನು ಮೂರು ದಿನ ತಿರುಗುಮುರುಗಾಗಿಯೇ ನೋಡಿದ್ದೆ. ದೊಡ್ಡದಾಗಿ ಸ್ಕ್ಯಾನ್ ಮಾಡಿಸಿದ ಮೇಲೆಯೇ ಫಲಕದ ಅಕ್ಷರಗಳು ಉಲ್ಟಾ ಇರುವುದು ಕಂಡಿತು.

ಅಕ್ಷರ ಇದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಗಡಿಯಾರದ ಮುಖ, ಗಂಡಸರ ಕೋಟಿನ ಗುಂಡಿ (ಎಡ ಅಂಚು ಬಲದ ಮೇಲೆ ಬಂದಿರಬೇಕು), ವಾಹನಗಳ ದಿಕ್ಕು ನೋಡಿ.

ಹೆಜ್ಜೆ 3: ಊರು ಹುಡುಕಿ

ವರ್ಷಕ್ಕಿಂತ ಮೊದಲು ಊರು ಗೊತ್ತಾಗಬೇಕು, ಏಕೆಂದರೆ ಎಷ್ಟೋ ಕಾಲದ ಗುರುತುಗಳು ಊರಿನಿಂದ ಊರಿಗೆ ಬೇರೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಹೆಸರು ಇರುತ್ತದೆ. ಒಂದೇ ಕಾರು ಪರವೂರಿನದಾಗಿರಬಹುದು, ನಾಲ್ಕೈದು ಕಾರುಗಳಲ್ಲಿ ಒಂದೇ ರಾಜ್ಯದ ಹೆಸರಿದ್ದರೆ ಅನುಮಾನವಿಲ್ಲ. ಬೀದಿಗಳು ಕೂಡುವ ಮೂಲೆಯ ಹೆಸರು ಫಲಕ, ಬಸ್ಸಿನ ಹಣೆಯ ಮೇಲಿನ ಮಾರ್ಗದ ಹೆಸರು, ಬ್ಯಾಂಕು ಮತ್ತು ದೊಡ್ಡ ಅಂಗಡಿಗಳ ಹೆಸರು — ಈ ಮೂರರಲ್ಲಿ ಎರಡು ಸಿಕ್ಕರೂ ಸಾಕು.

ಚಿಕ್ಕಪ್ಪನ ಚಿತ್ರದಲ್ಲಿ ಕೆಲಸ ಸುಲಭವಾಗಿತ್ತು. ಮೂಲೆಯಿಂದ ಚಾಚಿದ ಆ ಹಸಿರು ಬಣ್ಣದ ಕಂಚಿನ ಗಡಿಯಾರ ಶಿಕಾಗೊದ ಸ್ಟೇಟ್ ಸ್ಟ್ರೀಟ್‌ನಲ್ಲಿರುವ ಮಾರ್ಷಲ್ ಫೀಲ್ಡ್ ಅಂಗಡಿಯದು. ಅಂಥವು ಎರಡಿವೆ: ವಾಷಿಂಗ್ಟನ್ ಸ್ಟ್ರೀಟ್ ಮೂಲೆಯದು 1897ರದ್ದು, ರ‍್ಯಾಂಡಾಲ್ಫ್ ಸ್ಟ್ರೀಟ್ ಮೂಲೆಯದು 1902ರದ್ದು. ಅಂಗಡಿಯ ಹೆಸರು 2006ರಲ್ಲಿ ಬದಲಾಯಿತು, ಗಡಿಯಾರಗಳು ಇಂದಿಗೂ ಅಲ್ಲೇ ಇವೆ. ಗೂಗಲ್ ಸ್ಟ್ರೀಟ್ ವ್ಯೂ ತೆರೆದು ಅದೇ ಮೂಲೆಯಲ್ಲಿ ನಿಂತು ಕಿಟಕಿಗಳ ಸಾಲನ್ನು ಎಣಿಸಿ ಹೋಲಿಸಿದೆ. ನೆಲ ಅಂತಸ್ತು ಎಲ್ಲ ಊರಿನಲ್ಲೂ ಬದಲಾಗುತ್ತಿರುತ್ತದೆ. ಎರಡನೆಯ ಅಂತಸ್ತಿನಿಂದ ಮೇಲೆ, ಕಿಟಕಿಯ ಕಮಾನು, ಸೂರಿನ ಅಲಂಕಾರ ಹಾಗೆಯೇ ಉಳಿದಿರುತ್ತವೆ. ಹೋಲಿಸುವಾಗ ಮೇಲೆ ನೋಡಿ.

ಕಟ್ಟಡವೇ ಹೋಗಿದ್ದರೆ ಸ್ಯಾನ್‌ಬಾರ್ನ್ ನಕ್ಷೆಗಳಿಗೆ ಹೋಗಿ. ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ತಯಾರಾದ ಈ ನಕ್ಷೆಗಳಲ್ಲಿ ಸುಮಾರು 12 ಸಾವಿರ ಅಮೆರಿಕನ್ ಊರುಗಳ ಒಂದೊಂದು ಕಟ್ಟಡವೂ ಇದೆ. ಇಟ್ಟಿಗೆಯ ಕಟ್ಟಡ ಗುಲಾಬಿ ಬಣ್ಣ, ಮರದ್ದು ಹಳದಿ. ಅಂತಸ್ತು ಎಷ್ಟು ಎಂಬುದೂ ಬರೆದಿರುತ್ತದೆ. ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ಇವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಒಂದು ಬಲೆ ಇದೆ, ಅದರಲ್ಲಿ ಬೀಳಬೇಡಿ: ಶಿಕಾಗೊ ನಗರ 1909ರಲ್ಲಿ ತನ್ನ ಮನೆ ನಂಬರುಗಳನ್ನೇ ಬದಲಾಯಿಸಿತು, ನಡುನಗರದಲ್ಲಿ 1911ರಲ್ಲಿ. ಅದಕ್ಕೂ ಹಿಂದಿನ ಚಿತ್ರದಲ್ಲಿ ಕಾಣುವ ಬಾಗಿಲ ನಂಬರನ್ನು ಇಂದಿನ ನಕ್ಷೆಯಲ್ಲಿ ಹುಡುಕಿದರೆ ಬೇರೆಲ್ಲೋ ಹೋಗಿ ನಿಲ್ಲುತ್ತೀರಿ.

ಹೆಜ್ಜೆ 4: ಎರಡು ಗೂಟ ಹೊಡೆಯಿರಿ

ವರ್ಷವನ್ನು ಊಹಿಸಲು ಹೋಗಬೇಡಿ. ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದು ಗೂಟ, ‘ಇದಕ್ಕಿಂತ ಈಚಿನದಲ್ಲ’ ಎಂಬ ಇನ್ನೊಂದು ಗೂಟ ಹೊಡೆದು, ನಡುವಿನ ಜಾಗವನ್ನು ಕಿರಿದು ಮಾಡುತ್ತಾ ಬನ್ನಿ. ಒಂದು ಹಾಳೆಯಲ್ಲಿ ಎರಡು ಅಂಕಣ ಬರೆದುಕೊಂಡರೆ ಸಾಕು. ಈ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಗುರುತುಗಳು ಇವು.

ಬಾವುಟ. ಅಮೆರಿಕನ್ನರು ಅಂಗಡಿ, ಬ್ಯಾಂಕುಗಳ ಮೇಲೆ ಧಾರಾಳವಾಗಿ ಬಾವುಟ ಹಾರಿಸುತ್ತಾರೆ, ಅದು ನಮ್ಮ ಭಾಗ್ಯ. 1912ರ ಜುಲೈನಿಂದ 1959ರ ಜುಲೈವರೆಗೆ 48 ನಕ್ಷತ್ರ, ಆಮೇಲೆ ಒಂದೇ ವರ್ಷ 49, 1960ರ ಜುಲೈ 4ರಿಂದ 50. ಎಣಿಸಲಾಗದಷ್ಟು ಮಸುಕಾಗಿದ್ದರೂ ಪರವಾಗಿಲ್ಲ. 48 ನಕ್ಷತ್ರಗಳು ಆರು ಸಾಲಿನಲ್ಲಿ ಎಂಟೆಂಟರಂತೆ ನೇರವಾಗಿ ಒಂದರ ಕೆಳಗೊಂದು ನಿಂತಿರುತ್ತವೆ, 50ರ ಬಾವುಟದಲ್ಲಿ ಸಾಲುಗಳು ಓರೆಯಾಗಿ ಹೊಂದಿಕೊಂಡಿರುತ್ತವೆ.

ಕಾರು. ಚಿತ್ರದಲ್ಲಿರುವ ಅತಿ ಹೊಸ ಕಾರನ್ನು ಹುಡುಕಿ. ಹಳೆಯ ಕಾರು ಏನನ್ನೂ ಸಾಬೀತು ಮಾಡುವುದಿಲ್ಲ, ಹದಿನೈದು ವರ್ಷದ ಹಿಂದಿನ ಫೋರ್ಡ್ ಬೀದಿಯಲ್ಲಿ ನಿಂತಿರಬಹುದು. ಹೊಸದು ಮಾತ್ರ ಗೂಟವಾಗುತ್ತದೆ. ಅಮೆರಿಕದಲ್ಲಿ ಮುಂದಿನ ವರ್ಷದ ಮಾದರಿ ಹಿಂದಿನ ವರ್ಷದ ಶರತ್ಕಾಲದಲ್ಲೇ ಅಂಗಡಿಗೆ ಬರುತ್ತಿತ್ತು, ಆದ್ದರಿಂದ 1957ರ ಮಾದರಿ ಕಂಡರೆ 1956ರ ಕೊನೆಯೂ ಆಗಿರಬಹುದು. ಯುದ್ಧದ ಕಾರಣ 1942ರ ಫೆಬ್ರವರಿಯಿಂದ 1945ರವರೆಗೆ ಜನರಿಗಾಗಿ ಕಾರುಗಳೇ ತಯಾರಾಗಲಿಲ್ಲ, ಆ ಕಾಲದ ಬೀದಿಗಳಲ್ಲಿ ಹೊಸ ಕಾರೇ ಕಾಣುವುದಿಲ್ಲ. ಮುಂದೆ ಎರಡರ ಬದಲು ನಾಲ್ಕು ದೀಪ ಇರುವ ಕಾರುಗಳು ತುಂಬಿದ್ದರೆ 1958 ಅಥವಾ ಆಮೇಲೆ. ಕಾರಿನ ಪಕ್ಕದಲ್ಲಿ, ಮುಂದೊಂದು ಹಿಂದೊಂದು ಸಣ್ಣ ದೀಪ ಅಥವಾ ಹೊಳೆಯುವ ಪಟ್ಟಿ ಕಂಡರೆ 1968ರ ಮಾದರಿ ಅಥವಾ ಆಮೇಲಿನದು. ಆ ವರ್ಷದ ಜನವರಿ 1ರಿಂದ ಅವು ಕಡ್ಡಾಯವಾದವು. ಕಾರುಗಳ ಬಗ್ಗೆ ಏನೂ ಗೊತ್ತಿಲ್ಲದವರೂ ಈ ಕೊನೆಯದನ್ನು ಗುರುತಿಸಬಲ್ಲರು.

ನಂಬರ್ ಪ್ಲೇಟ್. ಎಷ್ಟೋ ರಾಜ್ಯಗಳು ದಶಕಗಟ್ಟಲೆ ಪ್ರತಿವರ್ಷ ಹೊಸ ಪ್ಲೇಟ್ ಕೊಡುತ್ತಿದ್ದವು, ಅದರ ಮೇಲೆ ವರ್ಷವನ್ನೂ ಮುದ್ರಿಸುತ್ತಿದ್ದವು. ಇದಕ್ಕಿಂತ ದೊಡ್ಡ ಉಪಕಾರ ಇನ್ನಾವುದೂ ಇಲ್ಲ. ಚಿಕ್ಕಪ್ಪನ ಸ್ಲೈಡಿನ ಎಡ ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಒಂದು ಕಾರಿತ್ತು. ಸ್ಕ್ಯಾನನ್ನು ಹಿಗ್ಗಿಸಿ, ಹಿಗ್ಗಿಸಿ ನೋಡಿದಾಗ ಶಿಕಾಗೊ ಇರುವ ರಾಜ್ಯದ ಹೆಸರಾದ ಇಲಿನಾಯ್ ಎಂಬ ಅಕ್ಷರಗಳ ಪಕ್ಕದಲ್ಲಿ ಎರಡು ಅಂಕಿ ಮೂಡಿದವು: 66. ಆ ಕ್ಷಣಕ್ಕೆ ಚಿಕ್ಕಮ್ಮನ 1964 ಬಿದ್ದುಹೋಯಿತು.

ಬೀದಿಯ ಸಾಮಾನು. ಪಾರ್ಕಿಂಗ್ ಮೀಟರ್ ಕಂಡರೆ 1935ರ ಜುಲೈ ನಂತರದ ಚಿತ್ರ. ಜಗತ್ತಿನ ಮೊದಲ ಮೀಟರನ್ನು ನಿಲ್ಲಿಸಿದ್ದು ಒಕ್ಲಹೋಮ ಸಿಟಿಯಲ್ಲಿ, ಆ ತಿಂಗಳಲ್ಲಿ. ‘ನಿಲ್ಲಿ’ ಎನ್ನುವ ಎಂಟು ಮೂಲೆಯ ಫಲಕ ಬಹುತೇಕ ಕಡೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರದ್ದಾಗಿತ್ತು. 1954ರಲ್ಲಿ ರಾಷ್ಟ್ರೀಯ ನಿಯಮ ಬದಲಾದ ಮೇಲೆ ಅದು ಕೆಂಪಾಯಿತು. ಅಂಚೆ ಡಬ್ಬಿಗಳು ಮೊದಲು ಮಂಕು ಹಸಿರು, 1955ರಿಂದ ಕೆಂಪು ಬಿಳಿ ನೀಲಿ, 1971ರಿಂದ ಪೂರ್ತಿ ನೀಲಿ. ಬಾಂಬ್ ದಾಳಿಯ ಭಯದಲ್ಲಿ ಕಟ್ಟಡಗಳ ಗೋಡೆಗೆ ಹಾಕಿದ ಹಳದಿ ಕಪ್ಪು ತ್ರಿಕೋನಗಳ ಆಶ್ರಯ ಫಲಕ 1961ರ ಕೊನೆಗಿಂತ ಮೊದಲು ಇರಲಿಲ್ಲ.

ಅಂಗಡಿಯ ಗಾಜು. ನೀಲಿ ಹದ್ದಿನ ಚಿತ್ರದ ಚೀಟಿ ಅಂಟಿಸಿದ್ದರೆ ಅದು ರೂಸ್‌ವೆಲ್ಟ್ ಸರ್ಕಾರದ ಆರ್ಥಿಕ ಚೇತರಿಕೆ ಯೋಜನೆಯದು: 1933ರ ಬೇಸಗೆಯಿಂದ 1935ರವರೆಗೆ. ಆ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಿಸ್ಕಿಯ ಜಾಹೀರಾತು ರಾಜಾರೋಷವಾಗಿ ಬೆಳಗುತ್ತಿದ್ದರೆ ಪಾನನಿಷೇಧ ಮುಗಿದ 1933ರ ಡಿಸೆಂಬರ್ 5ರ ನಂತರದ್ದು, ಅಥವಾ ಅದು ಶುರುವಾದ 1920ಕ್ಕಿಂತ ಹಿಂದಿನದು. ಫಲಕದಲ್ಲಿ ವಿಳಾಸವಿದ್ದರೆ ಬಿಡಬೇಡಿ. ‘ನ್ಯೂಯಾರ್ಕ್ 17’ ಎಂಬಂತೆ ಊರಿನ ಹೆಸರಿನ ಮುಂದೆ ಒಂದೋ ಎರಡೋ ಅಂಕಿ ಇದ್ದರೆ ಅದು 1943ರಲ್ಲಿ ಬಂದ ಅಂಚೆ ವಲಯ, ಐದು ಅಂಕಿ ಇದ್ದರೆ 1963ರ ಜುಲೈ ನಂತರದ ಜಿಪ್ ಕೋಡ್.

ಚಿತ್ರಮಂದಿರದ ಮುಂಭಾಗದಲ್ಲಿ ಸಿನಿಮಾದ ಹೆಸರು ಓದಲು ಬಂದರೆ ಬಿಡುಗಡೆಯ ದಿನ ಹುಡುಕುವುದು ಐದು ನಿಮಿಷದ ಕೆಲಸ. ಆದರೆ ನಡುನಗರದ ದೊಡ್ಡ ಮಂದಿರಕ್ಕೂ ಬಡಾವಣೆಯ ಸಣ್ಣ ಮಂದಿರಕ್ಕೂ ವ್ಯತ್ಯಾಸವಿದೆ. ಸಣ್ಣ ಮಂದಿರಕ್ಕೆ ಅದೇ ಚಿತ್ರ ಎಷ್ಟೋ ತಿಂಗಳು ತಡವಾಗಿ ಬರುತ್ತಿತ್ತು. ಆ ಊರಿನ ಹಳೆಯ ಪತ್ರಿಕೆಯಲ್ಲಿ ಆ ಮಂದಿರದ ಜಾಹೀರಾತು ನೋಡಿದರೆ ವಾರವೇ ಸಿಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳ ಪುಟಗಳನ್ನು ಪದ ಹಾಕಿ ಹುಡುಕಬಹುದು. ಹುಡುಕುವ ಪದವನ್ನು ಇಂಗ್ಲಿಷಿನಲ್ಲೇ ಹಾಕಬೇಕು, ಅಷ್ಟೇ.

ಇನ್ನು ಆಯಾ ಊರಿನ ಗುರುತುಗಳು. ನ್ಯೂಯಾರ್ಕ್‌ನಲ್ಲಿ ಬೀದಿಯ ತಲೆಯ ಮೇಲೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತಿದ್ದ ರೈಲು ದೊಡ್ಡ ಸಹಾಯ. ಸಿಕ್ಸ್ತ್ ಅವೆನ್ಯೂದ್ದು 1938ರ ಡಿಸೆಂಬರ್‌ನಲ್ಲಿ ನಿಂತಿತು, ಮರುವರ್ಷ ಕಿತ್ತು ಹಾಕಿದರು. ಮ್ಯಾನ್‌ಹಟನ್‌ನ ಥರ್ಡ್ ಅವೆನ್ಯೂದ್ದು 1955ರ ಮೇ 12ರವರೆಗೆ ಓಡಿತು. ಟೈಮ್ಸ್ ಸ್ಕ್ವೇರ್‌ನಲ್ಲಿ ಹೊಗೆಯ ಬಳೆ ಬಿಡುವ ಕ್ಯಾಮೆಲ್ ಸಿಗರೇಟಿನ ಫಲಕ 1941ರಿಂದ 1966ರವರೆಗಿತ್ತು, ಆ ಹೊಗೆ ನಿಜಕ್ಕೂ ಹಬೆ. ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು, ಅದರ ನೆತ್ತಿಯ ಮೇಲೆ ಎತ್ತರದ ಟಿವಿ ಆಂಟೆನಾ ಬಂದದ್ದು 1950–51ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪೂರ್ತಿ ಕಟ್ಟಿ ಮುಗಿದ ಟ್ರಾನ್ಸ್‌ಅಮೆರಿಕ ಪಿರಮಿಡ್ ಎಂಬ ಕಟ್ಟಡ ಕಂಡರೆ 1972 ಅಥವಾ ಆಮೇಲೆ. ಲಾಸ್ ಏಂಜಲೀಸ್‌ನಲ್ಲಿ ಹಳೆಯ ಟ್ರಾಮ್ ಕಂಡರೆ 1963ರ ಮಾರ್ಚ್ ಒಳಗಿನದು. ಶಿಕಾಗೊದಲ್ಲಿ ಟ್ರಾಮ್ ನಿಂತದ್ದು 1958ರ ಜೂನ್‌ನಲ್ಲಿ. ಅಲ್ಲಿಯ ನಡುನಗರದ ಮೇಲೆ ಓಡುವ ರೈಲು ಮಾತ್ರ 1897ರಿಂದ ಇಂದಿನವರೆಗೂ ಇದೆ, ಹಾಗಾಗಿ ಅದು ಏನನ್ನೂ ಹೇಳುವುದಿಲ್ಲ.

ಉಡುಪನ್ನು ಕೊನೆಗೆ ನೋಡಿ. ಟೋಪಿ, ಲಂಗದ ಉದ್ದ ಇವು ದಶಕವನ್ನು ಹೇಳಬಹುದು, ವರ್ಷವನ್ನಲ್ಲ. ಬಡವರು, ವಯಸ್ಸಾದವರು ಹತ್ತು ವರ್ಷದ ಹಿಂದಿನ ಕೋಟನ್ನೇ ತೊಟ್ಟಿರುತ್ತಾರೆ.

ಹೆಜ್ಜೆ 5: ನೆರಳನ್ನು ಓದಿ

ಇಲ್ಲಿಯೂ ನಮ್ಮ ಕಣ್ಣು ನಮಗೆ ಮೋಸ ಮಾಡುತ್ತದೆ. ಚಿಕ್ಕಪ್ಪನ ಚಿತ್ರದಲ್ಲಿ ಜನರ ನೆರಳು ಅವರ ಎತ್ತರದ ಎರಡರಷ್ಟು ಉದ್ದ ಇತ್ತು. ಸಂಜೆ ಎಂದುಕೊಂಡೆ. ಆದರೆ ಕಟ್ಟಡದ ಗಡಿಯಾರ ತೋರಿಸುತ್ತಿದ್ದುದು ಹನ್ನೆರಡಕ್ಕೆ ಹತ್ತು ನಿಮಿಷ.

ಗಡಿಯಾರ ಸರಿಯಾಗಿಯೇ ಇತ್ತು. ಶಿಕಾಗೊ ಇರುವುದು ಸುಮಾರು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ 25 ಡಿಗ್ರಿಯಷ್ಟೇ ಮೇಲಿರುತ್ತಾನೆ, ಐದೂವರೆ ಅಡಿಯ ಮನುಷ್ಯನ ನೆರಳು ಸುಮಾರು 12 ಅಡಿ ಚಾಚುತ್ತದೆ. ಜೂನ್ ಮಧ್ಯಾಹ್ನವಾದರೆ ಅದೇ ಮನುಷ್ಯನ ನೆರಳು ಎರಡು ಅಡಿಯೂ ಇರುವುದಿಲ್ಲ. 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನದ ನೆರಳು ನಮ್ಮ ಎತ್ತರದ ಮುಕ್ಕಾಲು ಭಾಗ ಮಾತ್ರ. ಉದ್ದ ನೆರಳು ಎಂದರೆ ಸಂಜೆ ಎಂದು ನಾವು ಕಲಿತದ್ದು ಇಲ್ಲಿ, ಅಲ್ಲಿಯ ಚಳಿಗಾಲಕ್ಕೆ ಅದು ಹೊಂದುವುದಿಲ್ಲ.

ನೆರಳಿನಿಂದ ದಿಕ್ಕೂ ಸಿಗುತ್ತದೆ. ಶಿಕಾಗೊದ ಬೀದಿಗಳು ಹೆಚ್ಚುಕಡಿಮೆ ನೇರ ಉತ್ತರ ದಕ್ಷಿಣ, ಪೂರ್ವ ಪಶ್ಚಿಮವಾಗಿವೆ. ಸ್ಟೇಟ್ ಸ್ಟ್ರೀಟ್ ಉತ್ತರ ದಕ್ಷಿಣದ ಬೀದಿ. ನಡುಮಧ್ಯಾಹ್ನ ನೆರಳು ಉತ್ತರಕ್ಕೆ ಬೀಳಬೇಕು. ಚಿತ್ರದಲ್ಲಿ ಅದು ಕ್ಯಾಮೆರಾದ ಕಡೆಗೇ ಬಂದಿದೆ, ಆದ್ದರಿಂದ ಚಿಕ್ಕಪ್ಪ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರು. ಮಾರ್ಷಲ್ ಫೀಲ್ಡ್ ಅಂಗಡಿ ಬೀದಿಯ ಪೂರ್ವಕ್ಕಿದೆ, ದಕ್ಷಿಣಕ್ಕೆ ನೋಡುವವನಿಗೆ ಅದು ಎಡಗಡೆ ಕಾಣಬೇಕು. ಸರಿಯಾಗಿ ತಿರುಗಿಸಿದ ಚಿತ್ರದಲ್ಲಿ ಎಡಗಡೆಯೇ ಇತ್ತು. ಎರಡನೆಯ ಹೆಜ್ಜೆಗೆ ಐದನೆಯ ಹೆಜ್ಜೆ ಸಾಕ್ಷಿ ಹೇಳಿದಂತಾಯಿತು. ಮ್ಯಾನ್‌ಹಟನ್‌ನಲ್ಲಿ ಲೆಕ್ಕ ಬೇರೆ. ಅಲ್ಲಿಯ ಬೀದಿಜಾಲ ನಿಜವಾದ ಉತ್ತರದಿಂದ ಸುಮಾರು 29 ಡಿಗ್ರಿ ಪೂರ್ವಕ್ಕೆ ವಾಲಿದೆ, ಅದನ್ನು ಸೇರಿಸಿಕೊಳ್ಳಬೇಕು. ಊರು, ದಿನ, ಗಂಟೆ ಕೊಟ್ಟರೆ ಸೂರ್ಯನ ದಿಕ್ಕು ಮತ್ತು ಎತ್ತರ ತೋರಿಸುವ ಉಚಿತ ತಾಣಗಳಿವೆ, ಕೈಲೆಕ್ಕ ಬೇಕಾಗಿಲ್ಲ.

ಸ್ಟೇಟ್ ಸ್ಟ್ರೀಟ್‌ನ ದೀಪದ ಕಂಬಗಳಿಗೆ ಕ್ರಿಸ್‌ಮಸ್ ಅಲಂಕಾರ ಕಟ್ಟಿತ್ತು. ಪ್ಲೇಟಿನಲ್ಲಿ 66. ಫಿಲ್ಮ್ ತೊಳೆದದ್ದು 1967ರ ಮಾರ್ಚ್. ದುಡ್ಡು ಎಣಿಸಿ ಖರ್ಚು ಮಾಡುತ್ತಿದ್ದ ವಿದ್ಯಾರ್ಥಿ ಕ್ಯಾಮೆರಾದಲ್ಲಿದ್ದ ರೋಲನ್ನು ಮುಗಿಸಲು ಮೂರು ತಿಂಗಳು ತೆಗೆದುಕೊಂಡಿದ್ದಾರೆ. ಇದನ್ನು ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೌದು, ಒಂದು ಫೋಟೊ ಕಳಿಸಿ ಎಂದು ಬರೆದರೆ, ರೋಲು ಮುಗಿದಿಲ್ಲ ಎಂದು ಉತ್ತರ ಬರುತ್ತಿತ್ತು” ಎಂದರು.

ಈ ಬಗೆಯ ಹುಡುಕಾಟದಲ್ಲಿ ನಾನು ಮಾದರಿಯೆಂದು ಇಟ್ಟುಕೊಂಡಿರುವುದು ಸ್ಯಾನ್ ಫ್ರಾನ್ಸಿಸ್ಕೊದ ಒಂದು ಕೆಲಸವನ್ನು. ಮೈಲ್ಸ್ ಸಹೋದರರು ಕೇಬಲ್ ಕಾರಿನ (ನೆಲದಡಿಯ ಹಗ್ಗ ಎಳೆಯುವ ಟ್ರಾಮಿನ) ಮುಂದೆ ಕ್ಯಾಮೆರಾ ಇಟ್ಟು ಮಾರ್ಕೆಟ್ ಸ್ಟ್ರೀಟ್ ಉದ್ದಕ್ಕೂ ಸುಮಾರು 13 ನಿಮಿಷದ ಚಲಚ್ಚಿತ್ರ ತೆಗೆದಿದ್ದರು. ಅದನ್ನು ಬಹುಕಾಲ 1905ರದ್ದೆಂದೇ ನಂಬಲಾಗಿತ್ತು. ಡೇವಿಡ್ ಕೀನ್ ಎಂಬ ಚಲಚ್ಚಿತ್ರ ಇತಿಹಾಸಕಾರರು ಬೀದಿಯಲ್ಲಿ ನಿಂತ ನೀರನ್ನು ಗಮನಿಸಿದರು. ಆ ದಿನಗಳ ಪತ್ರಿಕೆಗಳಲ್ಲಿ ಮಳೆಯ ವರದಿ ಹುಡುಕಿದರು. ಕಾರುಗಳ ನಂಬರನ್ನು ನೋಂದಣಿ ದಾಖಲೆಯ ಜೊತೆ ಹೋಲಿಸಿದರು, ಒಂದು ಕಾರು 1906ರಲ್ಲಷ್ಟೇ ನೋಂದಣಿಯಾದದ್ದಾಗಿತ್ತು. ಚಿತ್ರ 1906ರ ಏಪ್ರಿಲ್ 18ರ ಭೂಕಂಪಕ್ಕೆ ಕೆಲವೇ ದಿನ ಮೊದಲಿನದು ಎಂದು ಹೀಗೆ ತಿಳಿಯಿತು. ಅಲ್ಲಿಯವರೆಗೆ ಸುಮ್ಮನೆ ಹಳೆಯ ಬೀದಿಯಾಗಿದ್ದದ್ದು ಅಂದಿನಿಂದ ಬೇರೆಯೇ ಆಯಿತು. ಟ್ರಾಮಿನ ಮುಂದೆ ಓಡಿ ದಾಟುವ ಹುಡುಗರು, ಕುದುರೆಗಾಡಿಯವರು, ಅವರ ಹಿಂದಿನ ಕಟ್ಟಡಗಳು, ಯಾವುದಕ್ಕೂ ಮುಂದಿನ ವಾರದ ಖಾತರಿ ಇರಲಿಲ್ಲ. ಸರಿಯಾದ ದಿನಾಂಕ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಹುಡುಗರನ್ನು ನೆನೆಯುತ್ತೇನೆ.

ಹೆಜ್ಜೆ 6: ಪತ್ರಾಗಾರದ ಚಿತ್ರಗಳ ಜೊತೆ ಹೋಲಿಸಿ

ಮನೆಯ ಚಿತ್ರವೇ ಆಗಿರಲಿ, ಮೊಬೈಲ್‌ಗೆ ಬಂದದ್ದೇ ಆಗಿರಲಿ, ಅದೇ ಬೀದಿಯ ದಿನಾಂಕ ತಿಳಿದ ಚಿತ್ರವೊಂದರ ಪಕ್ಕದಲ್ಲಿಟ್ಟು ನೋಡಬೇಕು. ಕೆಲವು ಸಂಗ್ರಹಗಳನ್ನು ಎಲ್ಲಿಂದಲಾದರೂ ಉಚಿತವಾಗಿ ನೋಡಬಹುದು.

ನ್ಯೂಯಾರ್ಕ್‌ನ ಚಿತ್ರವಾದರೆ ಮೊದಲು ಅಲ್ಲಿಯ ಮುನಿಸಿಪಲ್ ಆರ್ಕೈವ್ಸ್‌ಗೆ ಹೋಗಿ. ತೆರಿಗೆ ಲೆಕ್ಕಕ್ಕಾಗಿ 1939ರಿಂದ 1941ರವರೆಗೆ ಐದೂ ಬರೋಗಳ (ನಗರದ ಆಡಳಿತ ಭಾಗಗಳ) ಕಟ್ಟಡಗಳನ್ನು ಒಂದೂ ಬಿಡದಂತೆ ತೆಗೆದ ಸುಮಾರು 7 ಲಕ್ಷ 20 ಸಾವಿರ ಚಿತ್ರಗಳು ಅಲ್ಲಿವೆ. ಬ್ಲಾಕ್ ಮತ್ತು ನಿವೇಶನದ ನಂಬರು ಬರೆದ ಹಲಗೆ ಚಿತ್ರದಲ್ಲೇ ಕಾಣುತ್ತದೆ. 1980ರ ದಶಕದಲ್ಲಿ ಇದೇ ಕೆಲಸವನ್ನು ಬಣ್ಣದಲ್ಲಿ ಮತ್ತೆ ಮಾಡಿದರು. ಛಾಯಾಗ್ರಾಹಕಿ ಬೆರೆನಿಸ್ ಆ್ಯಬಟ್ 1935ರಿಂದ 1939ರವರೆಗೆ ಸರ್ಕಾರದ ಕಲಾ ಯೋಜನೆಯಡಿ ತೆಗೆದ 305 ನ್ಯೂಯಾರ್ಕ್ ಚಿತ್ರಗಳಿಗೆ ವಿಳಾಸವೂ ದಿನಾಂಕವೂ ಇದೆ. ಅಂಗಡಿಯ ಗಾಜಿನ ಹಿಂದಿನ ಬೆಲೆ ಚೀಟಿಯನ್ನೂ ಓದುವಷ್ಟು ದೊಡ್ಡ ಕ್ಯಾಮೆರಾದಲ್ಲಿ ಅವರು ತೆಗೆದಿದ್ದರು.

ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೈತರ ನೆರವಿನ ಸರ್ಕಾರಿ ಸಂಸ್ಥೆಯಾದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್‌ನಲ್ಲಿ ರಾಯ್ ಸ್ಟ್ರೈಕರ್ ಮುಂದಾಳತ್ವದ ಛಾಯಾಚಿತ್ರ ವಿಭಾಗದ ಸಂಗ್ರಹವಿದೆ: 1935ರಿಂದ 1944ರ ಆಸುಪಾಸಿನ ಸುಮಾರು 1 ಲಕ್ಷ 75 ಸಾವಿರ ಕಪ್ಪು ಬಿಳುಪು ನೆಗೆಟಿವ್‌ಗಳು, ಜೊತೆಗೆ ಸುಮಾರು 1,600 ಬಣ್ಣದ ಚಿತ್ರಗಳು. ಹಳ್ಳಿಗಳದ್ದೇ ಹೆಸರಾದರೂ ನಗರಗಳೂ ಸಾಕಷ್ಟಿವೆ. ಕೆಲವು ಚಿತ್ರಗಳ ನಡುವೆ ದುಂಡಗಿನ ಕಪ್ಪು ಚುಕ್ಕೆ ಕಾಣುತ್ತದೆ. ಅದು ಚಂದ್ರನೂ ಅಲ್ಲ, ಕಲೆಯೂ ಅಲ್ಲ. ಬೇಡವೆಂದ ನೆಗೆಟಿವ್‌ಗೆ ಸ್ಟ್ರೈಕರ್ ಕಚೇರಿಯಲ್ಲಿ ಹೊಡೆದ ತೂತು. ಅಡಿಬರಹವೇ ಇಲ್ಲದ ಚಿತ್ರ ಸಿಕ್ಕರೆ ಅದರ ನಂಬರಿನ ಹಿಂದು ಮುಂದಿನ ನೆಗೆಟಿವ್‌ಗಳನ್ನು ನೋಡಿ, ಅಕ್ಕಪಕ್ಕದವನ್ನು ತೋರಿಸುವ ಸೌಲಭ್ಯ ಆ ತಾಣದಲ್ಲೇ ಇದೆ. ಒಂದೇ ಮಧ್ಯಾಹ್ನ ಒಂದೇ ಬೀದಿಯಲ್ಲಿ ತೆಗೆದ ಚಿತ್ರಗಳು ಸಾಲಾಗಿ ಸಿಗುತ್ತವೆ.

ಬಣ್ಣದ್ದು ಬೇಕಾದರೆ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಕುಷ್‌ಮನ್ 1938ರಿಂದ 1969ರವರೆಗೆ ತೆಗೆದ ಸುಮಾರು 14,500 ಕೊಡಾಕ್ರೋಮ್ ಸ್ಲೈಡ್‌ಗಳಿವೆ. 1970ರ ದಶಕಕ್ಕೆ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಡಾಕ್ಯುಮೆರಿಕ ಸಂಗ್ರಹ ಸಾಟಿಯಿಲ್ಲದ್ದು. ಅದರಲ್ಲಿ ಜಾನ್ ವೈಟ್ ತೆಗೆದ ಶಿಕಾಗೊದ ಕಪ್ಪು ಜನರ ಬಡಾವಣೆಗಳ ಚಿತ್ರಗಳನ್ನು ದಯವಿಟ್ಟು ನಿಧಾನವಾಗಿ ನೋಡಿ.

ಹೋಲಿಸುವಾಗ ‘ಆ ಕಾಲವೇ ಚಂದ’ ಎಂಬ ಭಾವ ಬರುವುದು ಸಹಜ. ಪಾರ್ಕಿಂಗ್ ಮೀಟರ್ ಮೊದಲು ನಿಂತ ಅದೇ ಒಕ್ಲಹೋಮ ಸಿಟಿಯಲ್ಲಿ, 1939ರ ಜುಲೈನಲ್ಲಿ, ರಸೆಲ್ ಲೀ ಟ್ರಾಮ್ ನಿಲ್ದಾಣದ ಒಂದು ಚಿತ್ರ ತೆಗೆದರು. ಕಪ್ಪು ಜನರಿಗೆಂದೇ ಫಲಕ ಹಾಕಿ ಬೇರೆ ಇಟ್ಟ ನೀರಿನ ಪೀಪಾಯಿಯಿಂದ ಒಬ್ಬ ಮನುಷ್ಯ ನೀರು ಕುಡಿಯುತ್ತಿದ್ದಾನೆ. ಕಾನೂನು ಇದನ್ನು ದೇಶದಾದ್ಯಂತ ನಿಷೇಧಿಸಿದ್ದು 1964ರಲ್ಲಿ. ಬೇರೆ ಲೋಟ, ಬೇರೆ ಬಾವಿ ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಚಿತ್ರದಲ್ಲಿ ಯಾರಿದ್ದಾರೆ ಎನ್ನುವಷ್ಟೇ ಯಾರಿಲ್ಲ, ಯಾರು ಬಾಗಿಲ ಹೊರಗೆ ನಿಂತಿದ್ದಾರೆ ಎಂಬುದನ್ನೂ ಬರೆದುಕೊಳ್ಳಿ. ಅದೂ ಕಾಲದ ಗುರುತೇ.

ಹೆಜ್ಜೆ 7: ಬಣ್ಣ ಬಳಿದದ್ದು, ಹುಟ್ಟಿಸಿದ್ದು

ಕಪ್ಪು ಬಿಳುಪು ಚಿತ್ರಕ್ಕೆ ಕಂಪ್ಯೂಟರ್ ಹಾಕಿದ ಬಣ್ಣವನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. 1930ರ ದಶಕದ ಬೀದಿಯಲ್ಲಿ ‘ನಿಲ್ಲಿ’ ಫಲಕ ಕೆಂಪಾಗಿದ್ದರೆ, ಅಂಚೆ ಡಬ್ಬಿ ನೀಲಿಯಾಗಿದ್ದರೆ, ನ್ಯೂಯಾರ್ಕ್‌ನ ಟ್ಯಾಕ್ಸಿಗಳೆಲ್ಲ ಹಳದಿಯಾಗಿದ್ದರೆ ಅದು ಇಂದಿನ ಬಣ್ಣ. ಅಲ್ಲಿಯ ಟ್ಯಾಕ್ಸಿಗಳಿಗೆ ಹಳದಿ ಕಡ್ಡಾಯವಾದದ್ದೇ 1960ರ ದಶಕದ ಕೊನೆಯಲ್ಲಿ.

ಈಗ ಕೃತಕ ಬುದ್ಧಿಮತ್ತೆಯಿಂದ (ಎಐ) ಪೂರ್ತಿ ಚಿತ್ರವನ್ನೇ ಹುಟ್ಟಿಸುವವರಿದ್ದಾರೆ. ಹಿನ್ನೆಲೆಯ ಫಲಕಗಳ ಅಕ್ಷರ ಅರ್ಥವಾಗದ ಗೀಚಾಗಿರುತ್ತದೆ, ಕಾರುಗಳಿಗೆ ಕಂಪನಿ ಇರುವುದಿಲ್ಲ. ಈ ದೋಷಗಳೂ ದಿನೇ ದಿನೇ ಕಡಿಮೆಯಾಗುತ್ತಿವೆ. ಆದ್ದರಿಂದ ನನ್ನ ನಿಯಮ ಒಂದೇ: ಮೂಲ ಪತ್ರಾಗಾರದ ಹೆಸರು ಮತ್ತು ಚಿತ್ರದ ನಂಬರು ಸಿಗದಿದ್ದರೆ ಹಂಚಿಕೊಳ್ಳುವುದಿಲ್ಲ.

ಹೆಜ್ಜೆ 8: ಹಕ್ಕು ಯಾರದು

ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರಗಳು ಎಲ್ಲರ ಸ್ವತ್ತು. ಪ್ರಕಟವಾಗಿ 95 ವರ್ಷ ತುಂಬಿದವೂ ಹಾಗೆಯೇ, 1930ರಲ್ಲಿ ಪ್ರಕಟವಾದವು 2026ರ ಜನವರಿ 1ರಿಂದ ಮುಕ್ತ. ಪ್ರಕಟವಾಗದೆ ಉಳಿದ ಚಿತ್ರಕ್ಕೆ ತೆಗೆದವರು ತೀರಿಕೊಂಡ ಮೇಲೂ 70 ವರ್ಷ ಹಕ್ಕು ಇರುತ್ತದೆ. ಸಂತೆಯಲ್ಲಿ ನೆಗೆಟಿವ್ ಕೊಂಡ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, ಬಿಡುವಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದ ವಿವಿಯನ್ ಮೇಯರ್ ಅವರ ಪೆಟ್ಟಿಗೆಗಳು ಗೋದಾಮಿನ ಬಾಡಿಗೆ ಬಾಕಿಗಾಗಿ 2007ರಲ್ಲಿ ಹರಾಜಾದವು. 2009ರಲ್ಲಿ ಅವರು ತೀರಿಕೊಂಡರು. ಕೊಂಡವರ ಬಳಿ ನೆಗೆಟಿವ್ ಇದ್ದರೂ ಹಕ್ಕು ಯಾರದೆಂಬ ವಿವಾದ ನ್ಯಾಯಾಲಯಕ್ಕೆ ಹೋಯಿತು. ಮನೆಯ ಚಿತ್ರಗಳ ವಿಷಯದಲ್ಲೂ ಇದೇ. ಚಿಕ್ಕಪ್ಪನ ಸ್ಲೈಡನ್ನು ಎಲ್ಲಾದರೂ ಹಾಕುವ ಮೊದಲು ನಾನು ಕೇಳಬೇಕಾದದ್ದು ಚಿಕ್ಕಮ್ಮನನ್ನು. ಕೇಳಿದೆ.

ಹೆಜ್ಜೆ 9: ಅಡಿಬರಹ ಬರೆಯಿರಿ

ಕಂಡದ್ದನ್ನು, ಊಹಿಸಿದ್ದನ್ನು ಬೇರೆ ಬೇರೆಯಾಗಿ ಬರೆಯಿರಿ. ಹೇಗೆ ಗೊತ್ತಾಯಿತು ಎಂಬುದನ್ನೂ ಬರೆಯಿರಿ, ಮುಂದೆ ಯಾರಾದರೂ ತಿದ್ದಬೇಕಾದರೆ ಅದು ಬೇಕು. ಸ್ಕ್ಯಾನ್ ಕಡತದ ಹೆಸರಿನಲ್ಲೇ ವರ್ಷ, ಊರು, ಬೀದಿ ಬರಲಿ. ಸ್ಲೈಡಿನ ಮೇಲೆ ಪೆನ್ನಿನಲ್ಲಿ ಬರೆಯಬೇಡಿ, ರಟ್ಟಿನ ಚೌಕಟ್ಟಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ನಂಬರು ಹಾಕಿ, ಅದೇ ನಂಬರಿನಲ್ಲಿ ಪುಸ್ತಕದಲ್ಲಿ ವಿವರ ಬರೆದಿಡಿ.

ನಮ್ಮ ಮನೆಯ ಪುಸ್ತಕದಲ್ಲಿ 14ನೆಯ ನಂಬರಿನ ಎದುರು ಹೀಗಿದೆ:

ಶಿಕಾಗೊ, ಸ್ಟೇಟ್ ಸ್ಟ್ರೀಟ್, ವಾಷಿಂಗ್ಟನ್ ಸ್ಟ್ರೀಟ್ ಮೂಲೆಯ ಉತ್ತರದಿಂದ ದಕ್ಷಿಣಕ್ಕೆ ನೋಡಿದಂತೆ. 1966ರ ನವೆಂಬರ್ ಕೊನೆ ಅಥವಾ ಡಿಸೆಂಬರ್, ಬೆಳಿಗ್ಗೆ 11.50. ಆಧಾರ: ಮಾರ್ಷಲ್ ಫೀಲ್ಡ್ ಗಡಿಯಾರ, ಇಲಿನಾಯ್ 66ರ ನಂಬರ್ ಪ್ಲೇಟ್, ಕ್ರಿಸ್‌ಮಸ್ ಅಲಂಕಾರ, ನೆರಳಿನ ಉದ್ದ, ಚೌಕಟ್ಟಿನ ಮೇಲೆ ಮಾರ್ಚ್ 67ರ ಮುದ್ರೆ. ತೆಗೆದವರು ಚಿಕ್ಕಪ್ಪ. ಕೆಂಪು ಕೋಟಿನ ಹೆಂಗಸು ಯಾರೆಂದು ತಿಳಿದಿಲ್ಲ.